ವಯಸ್ಕರ ಸಾಕ್ಷರತೆ: ಅಂಕಿ ಅಂಶ ತೋರುವ ದಾರಿ

2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ. 87.67, ಯಾದಗಿರಿಯದು ಶೇ. 51.83 ಮಾತ್ರ. ರಾಜ್ಯದ ಸರಾಸರಿ ಶೇ. 75.36. ಪುರುಷರಲ್ಲಿ ಶೇ. 82.47, ಮಹಿಳೆಯರಲ್ಲಿ ಶೇ. 68.08. ಈ ಅಂತರ ನೋಡದೆ ರೂಪಿಸಿದ ಯೋಜನೆ ಅಕ್ಷರ ಬೇಕಾದವರ ಮನೆ ಬಾಗಿಲು ಮುಟ್ಟುವುದೇ ಇಲ್ಲ.

2009ರ ಸೆಪ್ಟೆಂಬರ್ 8ರಂದು ಆರಂಭವಾದ ‘ಸಾಕ್ಷರ ಭಾರತ’ ಕಾರ್ಯಕ್ರಮ ಇದನ್ನು ಅರಿತಿತ್ತು. 2001ರ ಗಣತಿಯಂತೆ ವಯಸ್ಕ ಮಹಿಳೆಯರ ಸಾಕ್ಷರತೆ ಶೇ. 50 ಮೀರದ ಜಿಲ್ಲೆಗಳೇ ಅದರ ಮುಖ್ಯ ಗುರಿಯಾಗಿದ್ದವು.

ಆದರೆ ಗಣತಿಗೂ ಮಿತಿಯಿದೆ. 7 ವರ್ಷ ಮತ್ತು ಮೇಲ್ಪಟ್ಟವರಿಗೆ ಓದು ಬರಹ ಬರುತ್ತದೆಂದು ಮನೆಯವರು ಹೇಳಿದರೆ ಸಾಕು, ಪರೀಕ್ಷೆ ನಡೆಸುವುದಿಲ್ಲ. 2022–27ರ ‘ಉಲ್ಲಾಸ್’ ಕಾರ್ಯಕ್ರಮ 15 ವರ್ಷ ಮೇಲ್ಪಟ್ಟ ಕಲಿಕಾರ್ಥಿಗಳನ್ನು ಓದು, ಬರಹ, ಲೆಕ್ಕಗಳಲ್ಲಿ ತಲಾ 50ರಂತೆ ಒಟ್ಟು 150 ಅಂಕಗಳಿಗೆ ಪರೀಕ್ಷಿಸುತ್ತದೆ. ಬಸ್ಸಿನ ಫಲಕ ಓದಿದರೂ ಬ್ಯಾಂಕಿನ ಚಲನ್ ತುಂಬಲು ತಡವರಿಸುವ ಮಹಿಳೆ ಗಣತಿಯಲ್ಲಿ ಬರೀ ‘ಸಾಕ್ಷರೆ’. ಅವರಿಗೆ ಬೇಕಾದ್ದು ಬರಹದ ಅಭ್ಯಾಸ ಎಂಬುದು ವಿಭಾಗವಾರು ಅಂಕದಲ್ಲಷ್ಟೇ ಕಾಣುತ್ತದೆ. ಬೋಧಕರು ಮೊದಲು ನೋಡಬೇಕಾದದ್ದೂ ಅದನ್ನೇ.