ಆಸ್ತಿಕನೂ ನಾಸ್ತಿಕನೂ

ನಾನು ವಾಸಿಸುವುದು ಕಲಬುರಗಿಯ ಮೋಮಿನಪುರದಲ್ಲಿ. ‘ಮೋಮಿನ್’ ಎಂಬ ಅರಬ್ಬೀ ಶಬ್ದಕ್ಕೆ ವಿಶ್ವಾಸವುಳ್ಳವನು ಎಂದರ್ಥ. ಹೆಸರಿನಲ್ಲಿಯೇ ವಿಶ್ವಾಸವನ್ನು ಹೊತ್ತ ಇಂತಹ ಬಡಾವಣೆಯಲ್ಲಿ ಒಬ್ಬನು ‘ನನಗೆ ದೇವರಲ್ಲಿ ನಂಬಿಕೆಯಿಲ್ಲ’ ಎಂದರೆ ಅವನಿಗೆ ಸಲ್ಲಬೇಕಾದ ಗೌರವ ಯಾವುದು? ಅವನು ನೆರೆಯವರಿಗೆ ಸಲ್ಲಿಸಬೇಕಾದುದಾದರೂ ಯಾವುದು? ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂತಹವರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಪುಸ್ತಕದಿಂದ ಕಲಿತ ಸಂದೇಹವನ್ನು ಮನೆಗೆ ಕೊಂಡೊಯ್ದಾಗ ಅದನ್ನು ಕೇಳಬೇಕಾದವರು ನಮ್ಮ ಫೀಜಿಗಾಗಿ ದುಡಿದ ತಂದೆತಾಯಿಗಳೇ.

ಮೊದಲು ಶಬ್ದದ ವಿಚಾರ. ದೇವರನ್ನು ಒಪ್ಪದವನು ನಾಸ್ತಿಕನೆಂಬುದು ಇಂದಿನ ರೂಢಿ. ಮನುಸ್ಮೃತಿಯಾದರೋ ವೇದವನ್ನು ನಿಂದಿಸುವವನನ್ನು ನಾಸ್ತಿಕನೆಂದು ಕರೆಯಿತು. ಆ ಲೆಕ್ಕದಲ್ಲಿ ಚಾರ್ವಾಕರೊಡನೆ ಜೈನರೂ ಬೌದ್ಧರೂ ನಾಸ್ತಿಕರು; ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದಿದ್ದರೂ ವೇದವನ್ನು ಒಪ್ಪಿದ ಮೀಮಾಂಸಕರು ಮಾತ್ರ ಆಸ್ತಿಕರು! ಇಂತಹ ಭಿನ್ನಮತಗಳ ನಡುವೆಯೇ ನಮ್ಮ ಜಿಲ್ಲೆಯ ಮಳಖೇಡದಲ್ಲಿ 9ನೆಯ ಶತಮಾನದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನು ಆಳಿದನು. ಅವನು ಜೈನಧರ್ಮಕ್ಕೆ ಒಲಿದವನು; ಆದರೂ ಮಹಾಲಕ್ಷ್ಮಿಗೆ ತನ್ನ ಬೆರಳನ್ನು ಅರ್ಪಿಸಿದನೆಂದು ಸಂಜಾನ ತಾಮ್ರಶಾಸನ ಹೇಳುತ್ತದೆ. ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವ ಶಕ್ತಿಯನ್ನೇ ಸಂಪತ್ತೆಂದು ಎಣಿಸಿದೆ. ಧರ್ಮವೆಂದಷ್ಟೇ ಹೇಳಿ ನಿಲ್ಲದೆ ವಿಚಾರವನ್ನೂ ಬೇರೆಯಾಗಿ ಹೆಸರಿಸಿರುವುದನ್ನು ಗಮನಿಸಬೇಕು. ನಾಸ್ತಿಕನಿಗೂ ಅಲ್ಲಿ ಎಡೆಯುಂಟೆಂದೇ ನನ್ನ ಓದು.

ಆದರೆ ಸಹನೆ ಬೇರೆ, ಗೌರವ ಬೇರೆ. ಮುಖ ತಿರುಗಿಸಿಕೊಂಡು ಹೋಗುವವನೂ ಸಹಿಸಿದಂತೆಯೇ ಸರಿ. ಇವೆರಡರ ಅಂತರವನ್ನು ತಿಳಿಯಲು ಗಾಂಧೀಜಿಯವರ ಬಾಳಿನ ಎರಡು ಪ್ರಸಂಗಗಳನ್ನು ನೋಡೋಣ. 1891ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ ತೀರಿಕೊಂಡಾಗ ವಿದ್ಯಾರ್ಥಿಯಾಗಿದ್ದ ಗಾಂಧಿಯವರು ಅಂತ್ಯಕ್ರಿಯೆಗೆ ಹೋಗಿದ್ದರು. ಹಿಂದಿರುಗುವಾಗ ರೈಲು ನಿಲ್ದಾಣದಲ್ಲಿ ನಾಸ್ತಿಕನೊಬ್ಬನು ಪಾದ್ರಿಯೊಬ್ಬರನ್ನು ತಡೆದು, ಭೂಮಿಯ ಸುತ್ತಳತೆ ಇಷ್ಟಾದರೆ ನಿಮ್ಮ ದೇವರ ಗಾತ್ರವೆಷ್ಟು ಎಂದು ಚುಚ್ಚಿ ಕೇಳಿದನು. ಪಾದ್ರಿ ನಯವಾಗಿ ಉತ್ತರಿಸಿ ಸುಮ್ಮನಾದರು. ಈ ಸಂಭಾಷಣೆ ನಾಸ್ತಿಕವಾದದ ಬಗೆಗೆ ತಮಗಿದ್ದ ವಿರೋಧವನ್ನು ಹೆಚ್ಚಿಸಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಎರಡನೆಯದು 1940ರ ದಶಕದ ಮಾತು. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್, ನಾಸ್ತಿಕತೆಯನ್ನು ಸಾರಿದ್ದಕ್ಕಾಗಿ ಅಧ್ಯಾಪಕ ವೃತ್ತಿಯನ್ನು ಕಳೆದುಕೊಂಡಿದ್ದರು. ಅವರು ಸೇವಾಗ್ರಾಮಕ್ಕೆ ಬಂದು ದೇವರ ಗಾತ್ರವನ್ನು ಕೇಳಲಿಲ್ಲ. ಮನುಷ್ಯನನ್ನು ಮನುಷ್ಯನೆಂದಷ್ಟೇ ಕಾಣುವ ನಿರೀಶ್ವರವಾದದಿಂದ ಅಸ್ಪೃಶ್ಯತೆ ಅಳಿಯುವುದೆಂದು ಹಳ್ಳಿಯ ಕೆಲಸದ ಅನುಭವದಿಂದ ವಾದಿಸಿದರು. ಗಾಂಧೀಜಿ ಒಪ್ಪಲಿಲ್ಲ, ಆದರೆ ಪೂರ್ಣವಾಗಿ ಆಲಿಸಿದರು. ಗೋರಾ ಅವರ ಮಗಳಿಗೂ ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯದ ತರುಣನಿಗೂ ಆಶ್ರಮದಲ್ಲಿ ವಿವಾಹ ನಡೆಯುವುದೆಂದು ನಿಶ್ಚಯವಾದಾಗ, ಪ್ರತಿಜ್ಞೆಯಲ್ಲಿ ‘ದೇವರು’ ಎಂಬಲ್ಲಿ ‘ಸತ್ಯ’ ಎಂದು ಹೇಳಿಸಲು ಅವರು ಸಿದ್ಧರಾದರು. ಪ್ರಾರ್ಥನೆಯಿಲ್ಲದೆ ದಿನ ಕಳೆಯದವರಿಗೆ ಇದು ಸುಲಭದ ಮಾತೆ? 1948ರ ಜನವರಿ 30ರಂದು ಅವರ ಕೊಲೆಯಾಯಿತು. ಮದುವೆ ಮಾರ್ಚ್ 13ರಂದು ಸೇವಾಗ್ರಾಮದಲ್ಲಿಯೇ ನೆರವೇರಿತು.

ಹಾಗಾದರೆ ಗೌರವವೆಂದರೆ ತಪ್ಪನ್ನು ಕಂಡೂ ಬಾಯಿಮುಚ್ಚಿಕೊಂಡಿರುವುದೆ? 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ನಮ್ಮ ನಗರದ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಊನ ವಾಸಿಯಾಗುವುದೆಂಬ ನಂಬಿಕೆಯಿಂದ. ಇಲ್ಲಿ ಸುಮ್ಮನಿದ್ದರೆ ಮಗುವಿಗೆ ಅಗೌರವ. ಆದರೆ ಆ ತಾಯಂದಿರನ್ನು ಮೂಢರೆಂದು ಹೀಯಾಳಿಸುವುದೂ ನನಗೆ ಒಪ್ಪಿಗೆಯಿಲ್ಲ. ಮಗು ನಡೆಯಲೆಂಬ ಹಂಬಲ ಮೌಢ್ಯವಲ್ಲ. ಗ್ರಹಣವೆಂದರೆ ಚಂದ್ರನ ನೆರಳು, ಅದರಲ್ಲಿ ಔಷಧಿಯಿಲ್ಲ ಎಂದು ಅವರ ಪಕ್ಕದಲ್ಲಿ ಕುಳಿತು ಹೇಳಬೇಕು. ಚಿಕಿತ್ಸೆ ಎಲ್ಲಿ ದೊರೆಯುವುದೆಂಬುದನ್ನೂ ತಿಳಿದುಕೊಂಡು ಹೋಗಿರಬೇಕು. ದೇವರಿದ್ದಾನೆಯೇ ಎಂಬ ಚರ್ಚೆಯನ್ನು ಆ ಹೊತ್ತಿಗೆ ತೆಗೆಯುವ ಅಗತ್ಯವೇನೂ ಇಲ್ಲ.

ಅಮಾನವೀಯ ಆಚರಣೆಗಳನ್ನು ತಡೆಯಲು ಕರ್ನಾಟಕವು 2017ರಲ್ಲಿ ಮಾಡಿದ ಕಾಯಿದೆ ಈ ಘಟನೆಯ ಮರುತಿಂಗಳು, 2020ರ ಜನವರಿಯಲ್ಲಿ, ಜಾರಿಗೆ ಬಂದಿತು. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳನ್ನೂ, ಮನೆಯಲ್ಲಾಗಲಿ ಗುಡಿ, ದರ್ಗಾ, ಚರ್ಚುಗಳಲ್ಲಾಗಲಿ ದೇಹಕ್ಕೆ ಹಾನಿಯಿಲ್ಲದೆ ನಡೆಯುವ ಪೂಜೆ ಪ್ರಾರ್ಥನೆಗಳನ್ನೂ ಅದು ಮುಟ್ಟುವುದಿಲ್ಲ.