ನಾಝಲ್ ತೂತಿಗೆ ಸೂಜಿ ಹಾಕಬೇಡಿ: ತೋಟದ ಯಂತ್ರಗಳಿಗೆ ಅಲ್ಟ್ರಾಸಾನಿಕ್ ಕ್ಲೀನಿಂಗ್

ಪೊಳಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ಕೃಷಿಕರಿಗೆ ಪತ್ತನಾಜೆ ಒಂದು ಗಡುವು ಇದ್ದ ಹಾಗೆ. ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ಬಿಡಬೇಕು, 40–45 ದಿನ ಕಳೆದು ಇನ್ನೊಮ್ಮೆ. ಎರಡನೆಯ ಸಲಕ್ಕೆ ಆಟಿ ಮಳೆಯ ನಡುವೆ ಸಿಗುವುದು ಒಂದೆರಡು ದಿನದ ಬಿಸಿಲು ಮಾತ್ರ. ಆ ದಿನವೇ ದೋಟಿಯ ತುದಿಯ ನಾಝಲ್ ಕಟ್ಟಿದರೆ ಮಹಾಳಿ ನಮಗಾಗಿ ಕಾಯುವುದಿಲ್ಲ.

ನಾಝಲ್ ಕಟ್ಟಿದರೆ ನಾವು ಸಾಮಾನ್ಯವಾಗಿ ಹುಡುಕುವುದು ಸೂಜಿ, ಇಲ್ಲವೇ ಕೇಬಲಿನ ತಂತಿ. ತೂತೇನೋ ಬಿಡುತ್ತದೆ, ಆದರೆ ಅಂಚು ಗೀರಿ ಹೋಗಿ ತೂತು ದೊಡ್ಡದಾಗುತ್ತದೆ. ಆಮೇಲೆ ಮಂಜಿನ ಹಾಗೆ ಬೀಳಬೇಕಾದ ಮದ್ದು ದಪ್ಪ ಹನಿಯಾಗಿ ಬಿದ್ದು, ಗೊನೆಯಿಂದ ಜಾರಿ ಬುಡಕ್ಕೆ ಹೋಗುತ್ತದೆ. ಸಾವಯವ ಮಾಡುವ ನನಗೆ ಇದು ಇನ್ನೂ ದೊಡ್ಡ ಪ್ರಶ್ನೆ. ಬೋರ್ಡೋದಲ್ಲಿರುವ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿಗೆ ಬಿದ್ದದ್ದು ಮಣ್ಣಲ್ಲೇ ಉಳಿಯುತ್ತದೆ. ಗೊನೆಗೆ ತಾಗದ ಪ್ರತಿ ಲೀಟರೂ ದುಡ್ಡಿನ ನಷ್ಟ, ಜೊತೆಗೆ ಮಣ್ಣಿಗೂ ಭಾರ.

ಇದಕ್ಕೆ ಕಾರ್ಖಾನೆಗಳಲ್ಲಿ ಬಳಸುವ ಒಂದು ದಾರಿ ಉಂಟು: ಅಲ್ಟ್ರಾಸಾನಿಕ್ ಕ್ಲೀನಿಂಗ್. ಕನ್ನಡಕದ ಅಂಗಡಿಯಲ್ಲಿ, ಚಿನ್ನದ ಅಂಗಡಿಯಲ್ಲಿ ಚಿಕ್ಕ ಸ್ಟೀಲ್ ತೊಟ್ಟಿಯೊಳಗೆ ವಸ್ತು ಮುಳುಗಿಸಿ ತೊಳೆಯುವುದನ್ನು ನೋಡಿರಬಹುದು. ಅದೇ ಇದು.

ಹೇಗೆ ಕೆಲಸ ಮಾಡುತ್ತದೆ?

ತೊಟ್ಟಿಯ ಅಡಿಯಲ್ಲಿ ಅಂಟಿಸಿದ ಬಿಲ್ಲೆಗಳು ಕರೆಂಟಿನಿಂದ ಕಂಪಿಸುತ್ತವೆ. ಸಾಮಾನ್ಯ ಯಂತ್ರಗಳಲ್ಲಿ ಇದು ಸೆಕೆಂಡಿಗೆ 40 ಸಾವಿರ ಸಲ. ನಮ್ಮ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20 ಸಾವಿರದವರೆಗೆ. ಈ ಕಂಪನಕ್ಕೆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ, ಆ ಕೂಡಲೇ ಕುಸಿಯುತ್ತವೆ. ಕುಸಿಯುವಾಗ ಹೊರಡುವ ಪುಟ್ಟ ಹೊಡೆತ ಅಂಟಿದ ಕೊಳೆಯನ್ನು ಕಿತ್ತು ಬಿಡುತ್ತದೆ. ನೀರು ಹೋಗುವ ಕಡೆಗೆಲ್ಲ ಗುಳ್ಳೆಯೂ ಹೋಗುತ್ತದೆ, ಹಾಗಾಗಿ ಬ್ರಶ್, ಸೂಜಿ ಮುಟ್ಟದ ಒಳತೂತೂ ಸ್ವಚ್ಛ. ಗೀರು ಬೀಳುವುದಿಲ್ಲ, ಅಳತೆ ಬದಲಾಗುವುದಿಲ್ಲ. ಇದರ ಮುಖ್ಯ ಲಾಭವೇ ಅದು.

ತೋಟದಲ್ಲಿ ಯಾವುದಕ್ಕೆ?

ಒಂದು, ಸ್ಪ್ರೇಯರಿನ ನಾಝಲ್, ಅದರ ಒಳಗಿನ ತಿರುಗಣೆ ಬಿಲ್ಲೆ, ಲೋಹದ ಸಣ್ಣ ಜಾಲರಿ.

ಎರಡು, ಹುಲ್ಲು ಕಟ್ಟಿಂಗ್ ಮಿಷನ್ ಮತ್ತು ಪವರ್ ಸ್ಪ್ರೇಯರಿನ ಕಾರ್ಬೊರೇಟರ್. ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ ಅದು ಆವಿಯಾಗಿ ಗೋಂದಿನಂಥ ಪದರ ಉಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ನಮ್ಮ ಕರಾವಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಿಷನ್ ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ರೇಸ್ ಕೊಟ್ಟರೆ ಆಫ್ ಆಗುತ್ತದೆ ಎಂದಾದರೆ ಮೊದಲು ಅನುಮಾನ ಪಡಬೇಕಾದದ್ದು ಈ ಸಣ್ಣ ತೂತುಗಳನ್ನೇ.

ಮಾಡುವ ಕ್ರಮ

1. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಜೋಡಿಸುವಾಗ ಅದೇ ನಿಮ್ಮ ಗುರು. ಅಡ್ಜಸ್ಟ್ ಸ್ಕ್ರೂ ಎಷ್ಟು ಸುತ್ತು ಇತ್ತು ಎಂದೂ ಬರೆದಿಡಿ.

2. ಕಾರ್ಬೊರೇಟರಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ರಬ್ಬರ್ ಡಯಾಫ್ರಾಮ್, ಗ್ಯಾಸ್ಕೆಟ್, ಪ್ಲಾಸ್ಟಿಕ್ ಭಾಗ ಎಲ್ಲ ತೆಗೆದಿಡಿ. ತೊಟ್ಟಿಗೆ ಹೋಗುವುದು ಲೋಹದ ಭಾಗ ಮಾತ್ರ.

3. ಮೇಲಿನ ಮಣ್ಣು, ಜಿಡ್ಡು ಬ್ರಶ್‌ನಲ್ಲಿ ತೊಳೆಯಿರಿ. ತೊಟ್ಟಿಗೆ ನೀರು, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ 50–60 ಡಿಗ್ರಿ ಬಿಸಿ ಮಾಡಿ. ವಸ್ತು ಹಾಕುವ ಮೊದಲು 5–10 ನಿಮಿಷ ಖಾಲಿ ಓಡಿಸಿ. ನೀರಿನಲ್ಲಿ ಕರಗಿದ ಗಾಳಿ ಹೊರಟರೆ ಕೆಲಸ ಚುರುಕಾಗುತ್ತದೆ.

4. ಭಾಗಗಳನ್ನು ಬುಟ್ಟಿಯಲ್ಲಿ ಇಳಿಸಿ, ತೊಟ್ಟಿಯ ಅಡಿ ಮುಟ್ಟಬಾರದು. ನಾಝಲಿಗೆ 5 ನಿಮಿಷ, ಕಾರ್ಬೊರೇಟರಿಗೆ 10–15 ನಿಮಿಷ. ನಡುವೆ ಒಮ್ಮೆ ಮಗುಚಿ ಹಾಕಿ, ತೂತಿನೊಳಗೆ ಸಿಕ್ಕಿದ ಗಾಳಿ ಹೋಗಲಿ.

5. ಒಳ್ಳೆ ನೀರಿನಲ್ಲಿ ತೊಳೆದು, ಗಾಳಿ ಊದಿ, ಪೂರ್ತಿ ಒಣಗಿಸಿ. ಕಬ್ಬಿಣದ ಭಾಗಕ್ಕೆ ಕೂಡಲೇ ಎಣ್ಣೆ ಹಚ್ಚಿ. ಜಿಡ್ಡೆಲ್ಲ ಹೋಗಿರುವುದರಿಂದ ತುಕ್ಕು ಬೇಗ ಹಿಡಿಯುತ್ತದೆ.

ನಾಝಲಿನಲ್ಲಿ ಸುಣ್ಣ ಕಲ್ಲಾಗಿದ್ದರೆ ಸೋಪಿನ ನೀರು ಸಾಲದು. ಗಾಜಿನ ಲೋಟದಲ್ಲಿ ವಿನೆಗರ್ ಹಾಕಿ ನಾಝಲ್ ಮುಳುಗಿಸಿ, ಆ ಲೋಟವನ್ನೇ ತೊಟ್ಟಿಯ ನೀರಿನಲ್ಲಿ ಇಳಿಸಿ. ಕಂಪನ ಗಾಜನ್ನು ದಾಟುತ್ತದೆ, ಹುಳಿ ತೊಟ್ಟಿಗೆ ತಾಗುವುದಿಲ್ಲ. ಅಲ್ಯೂಮಿನಿಯಂ ಕಾರ್ಬೊರೇಟರನ್ನು ಮಾತ್ರ ವಿನೆಗರಿಗೆ ಹಾಕಬೇಡಿ, ಅದು ತಿಂದು ಹೋಗುತ್ತದೆ. ಕಾಸ್ಟಿಕ್ ಸೋಡಾವೂ ಅಷ್ಟೇ.

ಇದು ಆಗಲೇಬಾರದು

ತೊಟ್ಟಿಗೆ ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಹಾಕಬೇಡಿ. ಬಿಸಿ, ಕರೆಂಟು, ಆವಿ ಮೂರೂ ಸೇರಿದರೆ ಬೆಂಕಿ ಗ್ಯಾರಂಟಿ ಎಂದೇ ತಿಳಿಯಿರಿ. ಓಡುತ್ತಿರುವಾಗ ಕೈ ಅದ್ದಬೇಡಿ. ನೀರು ತುಂಬಿಸುವಾಗ, ಚೆಲ್ಲುವಾಗ ಪ್ಲಗ್ ಕಳಚಿರಲಿ. ತೊಳೆದ ನೀರಿನಲ್ಲಿ ತಾಮ್ರ ಇರುತ್ತದೆ, ತಾಮ್ರ ಮೀನಿಗೆ ವಿಷ. ನಮ್ಮ ತೋಡುಗಳೆಲ್ಲ ಕೊನೆಗೆ ಸೇರುವುದು ಫಲ್ಗುಣಿಗೋ ನೇತ್ರಾವತಿಗೋ. ಆ ನೀರನ್ನು ತೋಡಿಗೂ ಬಾವಿ ಬದಿಗೂ ಚೆಲ್ಲಬೇಡಿ.

ಕ್ಲೀನ್ ಮಾಡಿದರೆ ಸಾಕಾ?

ಸವೆದ ನಾಝಲನ್ನು ಯಾವ ಯಂತ್ರವೂ ಹೊಸದು ಮಾಡುವುದಿಲ್ಲ. ಪರೀಕ್ಷೆ ಸುಲಭ. ಹೊಸ ನಾಝಲ್ ಹಾಕಿ, ಬರಿ ನೀರು ಬಿಟ್ಟು, ಮೊಬೈಲಿನಲ್ಲಿ ಒಂದು ನಿಮಿಷ ಟೈಮ್ ಇಟ್ಟು ಬಕೆಟಿನಲ್ಲಿ ಹಿಡಿದು ಅಳೆಯಿರಿ. ಅದೇ ಪ್ರೆಶರಿನಲ್ಲಿ ಹಳೆಯದನ್ನೂ ಅಳೆಯಿರಿ. ಶೇ. 10ಕ್ಕಿಂತ ಹೆಚ್ಚು ನೀರು ಬಂದರೆ ಹಳೆಯದನ್ನು ಎಸೆಯಿರಿ. ಹೊಸದರಲ್ಲಿ 2 ಲೀಟರ್ ಬಂದು ಹಳೆಯದರಲ್ಲಿ 2.2 ಲೀಟರ್ ದಾಟಿದರೆ ಅದರ ಆಯುಷ್ಯ ಮುಗಿಯಿತು.

ಯಂತ್ರ ಕೊಳ್ಳಬೇಕಾ?

ಒಬ್ಬರಿಗೇ ಬೇಡ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ನಾಲ್ಕು ಸಲದ ಕೆಲಸಕ್ಕೆ ಕೆಲವು ಸಾವಿರ ಹಾಕುವುದು ಲೆಕ್ಕಕ್ಕೆ ಬರುವುದಿಲ್ಲ. ಬೈಕ್ ಇಂಜೆಕ್ಟರ್ ಕ್ಲೀನ್ ಮಾಡುವ ಗ್ಯಾರೇಜ್ ಹತ್ತಿರ ಇದ್ದರೆ ವಿಚಾರಿಸಿ. ಇಲ್ಲವೇ ಐದಾರು ಮನೆಯವರು, ಸ್ವಸಹಾಯ ಸಂಘದವರು ಸೇರಿ 2–3 ಲೀಟರಿನದ್ದು ಒಂದು ತೆಗೆದುಕೊಳ್ಳಿ. ಕೊಳ್ಳುವಾಗ ಅಡುಗೆಮನೆಯ ತೆಳು ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಓಡುವ ತೊಟ್ಟಿಯಲ್ಲಿ ಒಂದು ನಿಮಿಷ ತೂಗು ಹಾಕಿ ನೋಡಿ. ಎಲ್ಲ ಕಡೆ ಸಣ್ಣ ಸಣ್ಣ ತೂತು, ಗುಳಿ ಬಿದ್ದರೆ ಯಂತ್ರ ಸರಿ ಉಂಟು. ಫಾಯಿಲ್ ಹಾಗೆಯೇ ಇದ್ದರೆ ಅದು ಬರಿ ಸದ್ದು ಮಾಡುವ ಡಬ್ಬ.

ಯಂತ್ರ ಇರಲಿ, ಇಲ್ಲದಿರಲಿ, ಮೂರು ಅಭ್ಯಾಸ ಮಾತ್ರ ಬಿಡಬೇಡಿ. ಸುಣ್ಣದ ದ್ರಾವಣವನ್ನು ಬಟ್ಟೆಯಲ್ಲಿ ಸೋಸಿದ ಮೇಲೆಯೇ ಅದಕ್ಕೆ ಮೈಲುತುತ್ತಿನ ದ್ರಾವಣ ಸೇರಿಸಿ. ಸಂಜೆ ಕೆಲಸ ಮುಗಿದ ಮೇಲೆ ಐದು ನಿಮಿಷ ಬರಿ ನೀರು ಬಿಡಿ. ಮಿಷನ್ ಮೂಲೆಗೆ ಇಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಈ ವಾರ ಒಂದು ಬಿಡುವಿನ ಸಂಜೆ ನಿಮ್ಮ ನಾಝಲಿಗೆ ಬಕೆಟ್ ಪರೀಕ್ಷೆ ಮಾಡಿ ನೋಡಿ.