ಕೊರೋನಾ ಸೋಂಕು ಮತ್ತು ಗರ್ಭಿಣಿಯ ಆರೋಗ್ಯ



ಬಸುರಿಯ ಆರೋಗ್ಯವೆಂದರೆ ಒಂದು ಜೀವದ ಆರೋಗ್ಯವಲ್ಲ, ಎರಡು ಜೀವಗಳ ಆರೋಗ್ಯ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಬಸುರಿಯ ಬಯಕೆಯನ್ನು ತೀರಿಸುವ, ಅವಳಿಗೆ ಭಾರ ಹೊರಿಸದಿರುವ ಪದ್ಧತಿಗಳು ನಮ್ಮಲ್ಲಿ ಬೆಳೆದುಬಂದಿವೆ. ಆದರೆ ಜ್ವರ, ಕೆಮ್ಮು, ಆಯಾಸಗಳು ಕಾಣಿಸಿಕೊಂಡಾಗ ಮಾತ್ರ "ಬಸುರಿಯರಿಗೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಿರುವ ಮನೆಗಳು ಈಗಲೂ ಇವೆ. ಹೀಗೆ ಸುಮ್ಮನಿರುವುದು ಎಷ್ಟು ಅಪಾಯಕರವೆಂಬುದನ್ನು ಕೊರೋನಾ ಸೋಂಕು ನಮಗೆ ಕಲಿಸಿಕೊಟ್ಟಿದೆ.

ಈ ಸೋಂಕು ಭಾರತದಲ್ಲಿ 2020ರ ಜನವರಿಯಲ್ಲಿ ಮೊದಲು ಪತ್ತೆಯಾಯಿತು. ನಮ್ಮ ಕೋಲಾರ ಜಿಲ್ಲೆಗೆ ಅದು ತಡವಾಗಿ, ಅದೇ ವರ್ಷದ ಮೇ ತಿಂಗಳಲ್ಲಿ, ಮುಳಬಾಗಿಲು ತಾಲ್ಲೂಕಿನ ಮೂಲಕ ಕಾಲಿಟ್ಟಿತು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಹಳ್ಳಿಗಳೂ ಅದರ ಹಿಡಿತದಿಂದ ಪಾರಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ವೈರಾಣು ಅಳಿದುಹೋಗಿಲ್ಲ. ಅದು ಸೌಮ್ಯವಾಗಿ ನಮ್ಮ ನಡುವೆಯೇ ಸುಳಿದಾಡುತ್ತಿದೆ. ಆದಕಾರಣ ಗರ್ಭಿಣಿಯಿರುವ ಮನೆಯವರು ಕೆಲವು ಸಂಗತಿಗಳನ್ನು ತಿಳಿದಿರುವುದು ಅವಶ್ಯಕ.

ಗರ್ಭಿಣಿಗೇ ಹೆಚ್ಚು ಅಪಾಯವೇಕೆ?

ಗಂಡನಿಗೆ ಮೂರು ದಿನದ ಜ್ವರವಾಗಿ ಹೋಗುವ ಕಾಯಿಲೆ ಹೆಂಡತಿಗೆ ಏಕೆ ಕಠಿಣವಾಗಬಹುದು ಎಂದು ನೀವು ಕೇಳಬಹುದು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದಾಗಿ, ಗರ್ಭ ಬೆಳೆದಂತೆಲ್ಲ ಹೊಟ್ಟೆಯನ್ನೂ ಎದೆಯನ್ನೂ ಬೇರ್ಪಡಿಸುವ ವಪೆಯೆಂಬ ಸ್ನಾಯುಪೊರೆಯು ಸುಮಾರು 4 ಸೆಂಟಿಮೀಟರಿನಷ್ಟು ಮೇಲಕ್ಕೆ ಸರಿಯುತ್ತದೆ. ಆದರೆ ಅದೇ ಸಮಯದಲ್ಲಿ ದೇಹಕ್ಕೆ ಬೇಕಾಗುವ ಆಮ್ಲಜನಕವು ಸುಮಾರು ಐದನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಹೀಗಾಗಿ ಉಸಿರಾಟದಲ್ಲಿ ಅವಳಿಗೆ ಕೈಯಲ್ಲಿ ಉಳಿತಾಯವಿಲ್ಲ. ಸೋಂಕು ಶ್ವಾಸಕೋಶಕ್ಕೆ ಇಳಿದರೆ ಅವಳು ಬೇಗನೆ ಸೋಲುತ್ತಾಳೆ.

ಎರಡನೆಯದಾಗಿ, ಹೆರಿಗೆಯ ವೇಳೆ ರಕ್ತಸ್ರಾವ ಮಿತಿಮೀರದಿರಲೆಂದು ಪ್ರಕೃತಿಯೇ ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವನ್ನು ಕೊಟ್ಟಿದೆ. ಕೊರೋನಾ ಸೋಂಕೂ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಎರಡೂ ಸೇರಿದಾಗ ಶ್ವಾಸಕೋಶದಲ್ಲಿ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಉಂಟಾಗುವ ಭಯವಿದೆ.

ಮೂರನೆಯದಾಗಿ, ಗರ್ಭದಲ್ಲಿರುವ ಕೂಸನ್ನು ಹೊರಗಿನದೆಂದು ತಳ್ಳಿಹಾಕದಂತೆ ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನ ರೀತಿಯನ್ನು ಬದಲಿಸಿಕೊಂಡಿರುತ್ತದೆ. ಇದರಿಂದ ಕೆಲವು ವೈರಾಣುಗಳ ಎದುರು ಅವಳ ಹೋರಾಟ ಕುಗ್ಗುತ್ತದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅತಿಯಾದ ತೂಕ ಇವುಗಳಿರುವ ಹಾಗೂ 35 ವರ್ಷ ದಾಟಿದ ಗರ್ಭಿಣಿಯರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು.

ಆದ ಹಾನಿಯೆಷ್ಟು?

ಮುಂಬಯಿಯಲ್ಲಿ ಚಿಕಿತ್ಸೆ ಪಡೆದ 1,530 ಮಂದಿ ಸೋಂಕಿತ ಗರ್ಭಿಣಿಯರು ಮತ್ತು ಬಾಣಂತಿಯರ ವಿವರಗಳನ್ನು ನಮ್ಮ ದೇಶದ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮೊದಲನೆಯ ಅಲೆಯಲ್ಲಿ ನೂರಕ್ಕೆ 14 ಮಂದಿಗೆ ಮಾತ್ರ ರೋಗಲಕ್ಷಣಗಳಿದ್ದವು. ಎರಡನೆಯ ಅಲೆಯಲ್ಲಿ ಅದು 28ಕ್ಕೂ ಮೀರಿತು. ಮೊದಲನೆಯ ಅಲೆಯಲ್ಲಿ ಸಾವಿರಕ್ಕೆ 7 ಮಂದಿ ತಾಯಂದಿರು ತೀರಿಕೊಂಡರೆ, ಎರಡನೆಯದರಲ್ಲಿ ಸಾವಿರಕ್ಕೆ 57ರ ಪ್ರಮಾಣದಲ್ಲಿ ತೀರಿಕೊಂಡರು. ಒಂದೇ ರೋಗವು ರೂಪ ಬದಲಿಸಿಕೊಂಡು ಬಂದರೆ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ತೀವ್ರ ಸೋಂಕಿನಿಂದ ಅವಧಿಗೆ ಮುನ್ನ ಹೆರಿಗೆಯಾಗುವುದು, ರಕ್ತದೊತ್ತಡವೇರಿ ಗರ್ಭನಂಜು ಉಂಟಾಗುವುದು, ಕೆಲವೊಮ್ಮೆ ಕೂಸು ಹೊಟ್ಟೆಯಲ್ಲಿಯೇ ತೀರಿಹೋಗುವುದು ಇವೆಲ್ಲ ಹೆಚ್ಚುತ್ತವೆ. ಕೂಸು ಉಸಿರಾಡುವುದು ತಾಯಿಯ ರಕ್ತದ ಮೂಲಕ, ಮಾಸಿನ ಮೂಲಕ. ತಾಯಿಯ ಆಮ್ಲಜನಕ ಇಳಿದರೆ ಕೂಸಿನದೂ ಇಳಿಯುತ್ತದೆ.

ಆದರೂ ಧೈರ್ಯಗೆಡಬೇಕಾಗಿಲ್ಲ. ಸೋಂಕು ತಗುಲಿದ ಗರ್ಭಿಣಿಯರಲ್ಲಿ ಬಹುಪಾಲು ಮಂದಿ ಗುಣಹೊಂದಿ ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2020ರಲ್ಲಿಯೇ ಸೋಂಕಿತ ತಾಯಂದಿರಿಗೆ ಸುರಕ್ಷಿತ ಹೆರಿಗೆಗಳಾದವು. ತಾಯಿಯಿಂದ ಗರ್ಭದಲ್ಲಿರುವ ಕೂಸಿಗೆ ಸೋಂಕು ಹರಡುವುದು ವಿರಳ. ಸೋಂಕು ಇದೆಯೆಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ಹೆರಿಗೆಯೂ ಬೇಕಾಗಿಲ್ಲ.

ಎರಡು ಮನೆಗಳು

ವೇಮಗಲ್ ಹೋಬಳಿಯ ಎರಡು ಮನೆಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಎರಡರಲ್ಲಿಯೂ ಏಳು ತಿಂಗಳ ಬಸುರಿಯಿದ್ದಾಳೆ. ಎರಡು ಮನೆಗಳ ಗಂಡಂದಿರೂ ನರಸಾಪುರದ ಕಾರ್ಖಾನೆಗೆ ಹೋಗಿಬರುವವರು. ಇಬ್ಬರೂ ಜ್ವರ ತಂದರು. ಅದು ಹೆಂಡತಿಯರಿಗೂ ಅಂಟಿತು.

ಮೊದಲನೆಯ ಮನೆಯಲ್ಲಿ ನೆರೆಯವರು ಏನೆಂದುಕೊಳ್ಳುವರೋ ಎಂಬ ಅಳುಕಿನಿಂದ ಜ್ವರವನ್ನು ಮುಚ್ಚಿಟ್ಟರು. ಅಂಗಡಿಯಿಂದ ಮಾತ್ರೆ ತಂದು ನುಂಗಿಸಿದರು. ಆರನೆಯ ದಿನ ಅವಳಿಗೆ ಮಾತನಾಡಲೂ ಉಸಿರು ಸಾಲದಾಯಿತು. ಏಳನೆಯ ದಿನ ಆಸ್ಪತ್ರೆಗೆ ಬಂದಾಗ ವೈದ್ಯರಿಗೆ ಉಳಿದಿದ್ದ ದಾರಿಗಳು ಕೆಲವೇ.

ಎರಡನೆಯ ಮನೆಯಲ್ಲಿ ಜ್ವರ ಬಂದ ದಿನವೇ ಅತ್ತೆಯು ಆಶಾ ಕಾರ್ಯಕರ್ತೆಗೆ ಹೇಳಿ ಕಳುಹಿಸಿದರು. ಪರೀಕ್ಷೆಯಾಯಿತು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿನಿಂದ ದಿನಕ್ಕೆ ಮೂರು ಬಾರಿ ಅಳತೆ ನೋಡಿದರು. ಐದನೆಯ ದಿನ ಅಂಕಿ ಇಳಿಯತೊಡಗಿದೊಡನೆಯೇ ಅವಳನ್ನು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಆಮ್ಲಜನಕ, ಚುಚ್ಚುಮದ್ದು ಸಕಾಲಕ್ಕೆ ದೊರೆತವು. ತಾಯಿಯೂ ಕೂಸೂ ಉಳಿದರು.

ಸೋಂಕು ಎರಡೂ ಮನೆಗಳಲ್ಲಿ ಒಂದೇ. ವ್ಯತ್ಯಾಸವಾದದ್ದು ದಿನಗಳಲ್ಲಿ.

ಮುನ್ನೆಚ್ಚರಿಕೆ

ರೇಷ್ಮೆಹುಳು ಸಾಕುವ ನಿಮಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಹುಳುಮನೆಗೆ ಹೊರಗಿನವರನ್ನು ನೀವು ಬಿಡುವುದಿಲ್ಲ, ಕೈಕಾಲು ತೊಳೆಯದೆ ಒಳಗೆ ಹೆಜ್ಜೆಯಿಡುವುದಿಲ್ಲ, ಗಾಳಿಯಾಡುವಂತೆ ನೋಡಿಕೊಳ್ಳುತ್ತೀರಿ. ಹುಳುವಿಗೆ ತೋರುವ ಈ ಎಚ್ಚರವನ್ನು ಬಸುರಿಗೂ ತೋರಿಸಿರಿ. ಕೆಲಸದಿಂದ, ಸಂತೆಯಿಂದ, ಟೊಮೆಟೊ ಮಂಡಿಯಿಂದ ಬಂದವರು ಸೋಪು ಹಚ್ಚಿ ಕೈತೊಳೆದು ಬಟ್ಟೆ ಬದಲಿಸಲಿ. ನೆಗಡಿ, ಕೆಮ್ಮು ಇರುವವರು ಮುಖಗವಸು ಧರಿಸಿ, ಬೇರೆ ಕೋಣೆಯಲ್ಲಿ ಮಲಗಲಿ. ಸೋಂಕು ಹೆಚ್ಚಿರುವ ದಿನಗಳಲ್ಲಿ ಸೀಮಂತವನ್ನು ಮನೆಮಂದಿಯಲ್ಲಿಯೇ ಮುಗಿಸಿರಿ. ಹೆರಿಗೆಗೆ ಮಾಲೂರಿಗೋ ಶ್ರೀನಿವಾಸಪುರಕ್ಕೋ ತವರಿಗೆ ಹೊರಟಾಗ ತಾಯಿ ಕಾರ್ಡನ್ನು ಮರೆಯದೆ ಕೊಂಡೊಯ್ಯಿರಿ.

ಸೋಂಕಿನ ಭಯದಿಂದ ತಪಾಸಣೆಯನ್ನು ಮಾತ್ರ ತಪ್ಪಿಸಬೇಡಿರಿ. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಕಬ್ಬಿಣಾಂಶದ ಮಾತ್ರೆಯನ್ನೂ ನಿಲ್ಲಿಸಬಾರದು. ರಕ್ತಹೀನಳಾದ ತಾಯಿಗೆ ಯಾವ ಕಾಯಿಲೆಯೂ ಇಮ್ಮಡಿ ಭಾರ.

ಲಸಿಕೆಯ ವಿಷಯದಲ್ಲಿ ಅನೇಕ ತಪ್ಪು ಕಲ್ಪನೆಗಳು ಹರಡಿದ್ದವು. ಕೇಂದ್ರ ಸರ್ಕಾರವು 2021ರ ಜುಲೈ 2ರಂದು ಗರ್ಭಿಣಿಯರಿಗೂ ಕೊರೋನಾ ಲಸಿಕೆ ನೀಡಲು ಒಪ್ಪಿಗೆಯಿತ್ತಿತು. ಲಸಿಕೆಯಿಂದ ಬಂಜೆತನ ಬರುವುದಿಲ್ಲ, ಗರ್ಭಪಾತವೂ ಹೆಚ್ಚುವುದಿಲ್ಲ ಎಂಬುದು ಅನೇಕ ದೇಶಗಳ ಅನುಭವದಿಂದ ಸ್ಥಿರಪಟ್ಟಿದೆ. ಈಗ ನಿಮಗೆ ಲಸಿಕೆ ಬೇಕೇ ಎಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಿರಿ.

ಜ್ವರ ಬಂದಾಗ

ಮೊದಲ ದಿನವೇ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಲೇಬಾರದು. ಗಂಜಿ, ಮಜ್ಜಿಗೆ, ಕಾಯಿಸಿ ಆರಿಸಿದ ನೀರು ಧಾರಾಳವಾಗಿರಲಿ. ಎಡಮಗ್ಗುಲಾಗಿ ಮಲಗುವುದು ಒಳ್ಳೆಯದು. ಒಲೆಯ ಹೊಗೆ, ಬೀಡಿಯ ಹೊಗೆ ಅವಳ ಬಳಿ ಸುಳಿಯಬಾರದು. ವೈದ್ಯರು ಎದೆಯ ಎಕ್ಸ್-ರೇ ಬೇಕೆಂದರೆ ಹೆದರಬೇಡಿರಿ. ಅದರಿಂದ ಕೂಸಿಗೆ ತಲುಪುವ ಕಿರಣ ಅತ್ಯಲ್ಪ.

ಕೆಳಗಿನ ಚಿಹ್ನೆಗಳಲ್ಲಿ ಒಂದು ಕಂಡರೂ, ಹಗಲಾಗಲಿ ಇರುಳಾಗಲಿ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಧಾವಿಸಬೇಕು:

1. ಉಸಿರಾಟದ ತೊಂದರೆ, ಎದೆನೋವು, ತುಟಿ ನೀಲಿಗಟ್ಟುವುದು.
2. ಆಕ್ಸಿಮೀಟರಿನ ಅಂಕಿ 95ಕ್ಕಿಂತ ಕೆಳಗಿಳಿಯುವುದು.
3. ಮೂರು ದಿನಗಳಾದರೂ ಜ್ವರ ಇಳಿಯದಿರುವುದು, ಮಂಪರು.
4. ಕೂಸಿನ ಚಲನೆ ಕಡಿಮೆಯಾಗುವುದು.
5. ರಕ್ತ ಅಥವಾ ನೀರು ಹೋಗುವುದು, ಹೊಟ್ಟೆನೋವು.
6. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಊತ, ಒಂದೇ ಕಾಲು ಊದಿಕೊಂಡು ನೋಯುವುದು.

ಹೆರಿಗೆಯ ಅನಂತರ

ಸೋಂಕಿತ ತಾಯಿಯ ಮೊಲೆಹಾಲು ಕೂಸಿಗೆ ವಿಷವಲ್ಲ, ಅಮೃತವೇ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲನ್ನು ಕುಡಿಸಬೇಕು. ತಾಯಿಯು ಕೈತೊಳೆದು, ಮುಖಗವಸು ಧರಿಸಿ ಹಾಲೂಡಿಸಿದರೆ ಸಾಕು. ಅವಳು ಬಹಳ ನಿತ್ರಾಣಳಾಗಿದ್ದರೆ ಹಾಲು ಹಿಂಡಿ ಕೂಸಿಗೆ ಕುಡಿಸಬಹುದು. ಬಾಣಂತನದಲ್ಲಿಯೂ ಆರು ವಾರ ಎಚ್ಚರ ಬೇಕು; ರಕ್ತ ಹೆಪ್ಪುಗಟ್ಟುವ ಭಯ ಆಗಲೂ ಇರುತ್ತದೆ. ಸೋಂಕಿನಿಂದ ಬಳಲಿದ ದೇಹ ಚೇತರಿಸಿಕೊಳ್ಳಲು ಮುಂದಿನ ಮಗುವಿಗೆ ಮೂರು ವರ್ಷಗಳ ಅಂತರವಿರಲಿ. ವಂಕಿ ಮೊದಲಾದ ವಿಧಾನಗಳ ಬಗ್ಗೆ ಆಸ್ಪತ್ರೆಯಿಂದ ಮನೆಗೆ ಮರಳುವ ಮುನ್ನವೇ ಪತಿಪತ್ನಿಯರಿಬ್ಬರೂ ಕೂಡಿ ವಿಚಾರಿಸಿಕೊಳ್ಳಿರಿ.

ಗೃಹಸ್ಥರೇ, ಬಸುರಿಯಾದವಳು ತನ್ನ ನೋವನ್ನು ತಾನಾಗಿ ಹೇಳುವುದು ಕಡಿಮೆ. ಸಂಜೆ ಮನೆಗೆ ಬಂದೊಡನೆ "ಉಸಿರು ಹೇಗಿದೆ? ಕೂಸು ಆಡುತ್ತಿದೆಯೇ?" ಎಂಬ ಎರಡು ಮಾತುಗಳನ್ನು ನೀವೇ ಕೇಳಿರಿ. ಜ್ವರ ಬರುವುದು ನಾಚಿಕೆಯಲ್ಲ. ಅದನ್ನು ಮುಚ್ಚಿಡುವುದು ಅಪಾಯ. ಮೊದಲ ದಿನವೇ ಆಸ್ಪತ್ರೆಯ ಬಾಗಿಲನ್ನು ತಟ್ಟಿರಿ.